ಮನಸ್ಸಿಗೆ 28, ಮೀನಖಂಡಕ್ಕೆ 47

ಪ್ರಶ್ನೆ: ನನಗೆ 47 ವರ್ಷ, ಶಿವಮೊಗ್ಗದಲ್ಲಿ ಪ್ರೌಢಶಾಲಾ ಶಿಕ್ಷಕ. ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದೆ. ಆಮೇಲೆ ಇಪ್ಪತ್ತು ವರ್ಷ ಮೈ ಬಗ್ಗಿಸಿದ್ದೇ ಕಡಿಮೆ. ಈಚೆಗೆ ಸಹೋದ್ಯೋಗಿಗಳ ಜೊತೆ ಬೆಳಿಗ್ಗೆ ಐದೂವರೆಗೆ ಶಟಲ್ ಆಡಲು ಶುರು ಮಾಡಿದೆ. ಮೊದಲ ವಾರ ಏದುಸಿರು, ಎರಡನೇ ವಾರ ಸಲೀಸು, ಮೂರನೇ ವಾರವಂತೂ ಕಾಲೇಜು ದಿನಗಳೇ ಮರಳಿ ಬಂದ ಹಾಗಿತ್ತು. ಆಗಲೇ ಒಂದು ದಿನ ನೆಟ್ ಹತ್ತಿರ ಬಿದ್ದ ಡ್ರಾಪ್ ಎತ್ತಲು ಮುನ್ನುಗ್ಗಿದಾಗ ಎಡಗಾಲಿನ ಮೀನಖಂಡಕ್ಕೆ ಹಿಂದಿನಿಂದ ಯಾರೋ ಕಲ್ಲು ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಸ್ಕ್ಯಾನ್ ಮಾಡಿಸಿದ ವೈದ್ಯರು ಸ್ನಾಯು ಸ್ವಲ್ಪ ಹರಿದಿದೆ ಎಂದರು. ಈಗ ಏಳು ವಾರವಾಗಿದೆ, ನಡೆದರೆ ನೋವಿಲ್ಲ. ತೂಕ 76 ಕೆ.ಜಿ., ಎತ್ತರ 168 ಸೆಂ.ಮೀ. ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಮನಸ್ಸಿಗೆ ಇನ್ನೂ 28 ಅನ್ನಿಸುತ್ತದೆ. ಹೆಂಡತಿ “ವಯಸ್ಸಿಗೆ ತಕ್ಕ ಹಾಗೆ ಇರಿ” ಅನ್ನುತ್ತಾಳೆ. ಮತ್ತೆ ಆಡಬಹುದೇ, ಇಲ್ಲ ವಾಕಿಂಗ್ ಮಾಡಿಕೊಂಡು ಸುಮ್ಮನಿರಬೇಕೇ?

ಉತ್ತರ: ಆಡಬಹುದು. ಆದರೆ ಮುಂದಿನ ವಾರವೇ ಅಲ್ಲ. ಕೋರ್ಟಿಗೆ ಕಾಲಿಡುವ ಮೊದಲು ಎರಡು ತಿಂಗಳು, ಪೂರ್ತಿ ಜೋರಿನಲ್ಲಿ ಆಡುವುದಕ್ಕೆ ಮೂರು ತಿಂಗಳು ಇಟ್ಟುಕೊಳ್ಳಿ.

ನಿಮಗೆ 28 ಅನ್ನಿಸುವುದು ಭ್ರಮೆಯಲ್ಲ, ವಿಚಿತ್ರವೂ ಅಲ್ಲ. 2006ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ದೊಡ್ಡ ಅಧ್ಯಯನದಲ್ಲಿ ನಲವತ್ತು ದಾಟಿದವರು ಸರಾಸರಿ ತಮ್ಮ ವಯಸ್ಸಿಗಿಂತ ಶೇ 20ರಷ್ಟು ಕಿರಿಯರೆಂದು ಭಾವಿಸುತ್ತಿದ್ದರು. ಆ ಲೆಕ್ಕದಲ್ಲಿ ನಿಮಗೆ 38 ಅನ್ನಿಸಬೇಕಿತ್ತು, ನೀವು ಇನ್ನೂ ಹತ್ತು ಕಡಿತ ಮಾಡಿಕೊಂಡಿದ್ದೀರಿ. ಇರಲಿ. ತೊಂದರೆ ಇರುವುದು ಈ ಅನ್ನಿಸಿಕೆಯಲ್ಲಲ್ಲ. ದೇಹದ ಒಂದೊಂದು ಭಾಗ ಒಂದೊಂದು ವೇಗದಲ್ಲಿ ಮರಳಿ ಕಸುವು ಪಡೆಯುತ್ತದೆ, ನಮ್ಮ ಉತ್ಸಾಹ ಮಾತ್ರ ಎಲ್ಲಕ್ಕಿಂತ ಬೇಗ ಮರಳುವ ಭಾಗದ ಮಾತನ್ನೇ ಕೇಳುತ್ತದೆ. ಗಡಿಬಿಡಿ ಅಲ್ಲಿದೆ.

ನಿಮ್ಮ ಮೂರನೇ ವಾರವನ್ನೇ ತೆಗೆದುಕೊಳ್ಳಿ. ಆಟ ಶುರುಮಾಡಿದ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ, ನರಗಳು ಮಲಗಿದ್ದ ಸ್ನಾಯುಗಳನ್ನು ಎಬ್ಬಿಸುತ್ತವೆ. ದಮ್ಮು ಬಂತು ಅನ್ನುತ್ತೇವಲ್ಲ, ಅದು ಇದೇ. ಸ್ನಾಯು ನಿಜವಾಗಿ ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್ ಅಂದರೆ ನಾರಿನ ಹಗ್ಗ. ಅದಕ್ಕೆ ರಕ್ತ ಸಂಚಾರವೇ ಕಡಿಮೆ, ಹೊಸ ಭಾರಕ್ಕೆ ಒಗ್ಗಿಕೊಳ್ಳಲು ಮೂರು ತಿಂಗಳಾದರೂ ಬೇಕು. ಮೂರನೇ ವಾರದಲ್ಲಿ ನಿಮ್ಮ ಹೃದಯ, ಶ್ವಾಸಕೋಶ “ಆಗುತ್ತೆ, ನುಗ್ಗು” ಅಂದವು. ಮೀನಖಂಡವನ್ನು ಯಾರೂ ಕೇಳಲಿಲ್ಲ. ಈ ವಯಸ್ಸಿನ ಗಾಯಗಳು ಮೊದಲ ದಿನಕ್ಕಿಂತ ಮೂರನೇ, ನಾಲ್ಕನೇ ವಾರದಲ್ಲಿ ಕಾಣಿಸಿಕೊಳ್ಳುವುದು ಅದಕ್ಕೇ.

ಜಾಗವೂ ಆಕಸ್ಮಿಕವಲ್ಲ. ಮೀನಖಂಡದ ಮೇಲ್ಪದರದ ಸ್ನಾಯು ಮಂಡಿ ಮತ್ತು ಹರಡು (ಪಾದದ ಗಂಟು) ಎರಡು ಕೀಲುಗಳನ್ನೂ ದಾಟಿ ಹೋಗುತ್ತದೆ. ಮುನ್ನುಗ್ಗುವಾಗ ಹಿಂದಿನ ಕಾಲಿನ ಮಂಡಿ ನೇರವಾಗಿ ಚಾಚಿಕೊಂಡು ಪಾದ ಮೇಲಕ್ಕೆ ಮಡಿಚಿದರೆ ಆ ಸ್ನಾಯು ಎರಡೂ ತುದಿಯಿಂದ ಎಳೆಸಿಕೊಳ್ಳುತ್ತದೆ, ಅದೇ ಕ್ಷಣಕ್ಕೆ ನೆಲ ಒದೆಯಲು ಬಿಗಿಯಾಗಲೂ ಬೇಕಾಗುತ್ತದೆ. ಒಳಮಗ್ಗುಲಿನ ಭಾಗ ಹರಿಯುತ್ತದೆ. ಟೆನಿಸ್ ಆಡುವ ನಡುವಯಸ್ಸಿನವರಲ್ಲಿ ಹೆಚ್ಚಾಗಿ ಕಂಡಿದ್ದರಿಂದ ಇದಕ್ಕೆ ‘ಟೆನಿಸ್ ಲೆಗ್’ ಎಂದೇ ಹೆಸರು ಬಿದ್ದಿದೆ. ಕಲ್ಲು ಹೊಡೆದ ಹಾಗಾಯಿತು, ತಿರುಗಿ ನೋಡಿದೆ ಎನ್ನುವುದು ಈ ಗಾಯದ ಹೆಚ್ಚುಕಡಿಮೆ ಸಹಿ ಇದ್ದಂತೆ. ಇದರ ಜೊತೆ ವಯಸ್ಸಿನ ಪಾಲೂ ಇದೆ. ಮೂವತ್ತರ ನಂತರ ಕಸರತ್ತು ಇಲ್ಲದವರು ಪ್ರತಿ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕಳೆದುಕೊಳ್ಳುತ್ತಾರೆ, ಅದರಲ್ಲೂ ಮೊದಲು ಸವೆಯುವುದು ಚಟಕ್ಕನೆ ಜಿಗಿಯಲು, ತಿರುಗಲು ಬೇಕಾದ ವೇಗದ ಎಳೆಗಳು. ನಿಧಾನದ ಎಳೆಗಳು ಚೆನ್ನಾಗಿಯೇ ಇರುವುದರಿಂದ ನಡಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. “ಐದು ಕಿಲೋಮೀಟರ್ ನಡೀತೀನಿ, ಏನೂ ಆಗಲ್ಲ” ಎನ್ನುವವರು ಶಟಲ್ ಕೋರ್ಟಿನಲ್ಲಿ ಬೀಳುವುದು ಈ ಕಾರಣಕ್ಕೆ. ವಾಕಿಂಗ್‌ನಿಂದ ಹೃದಯಕ್ಕೆ, ಸಕ್ಕರೆಗೆ ಲಾಭವಿದೆ. ಜಿಗಿತಕ್ಕೆ ಅದು ತಯಾರಿಯಲ್ಲ.

ನಿಮ್ಮ ಪ್ರಶ್ನೆಗೆ ಹೊರತಾದರೂ, ಹೀಗೇ ಪೆಟ್ಟು ಮಾಡಿಕೊಂಡು ಮನೆಯಲ್ಲೇ ಕೂತಿರುವ ಬೇರೆ ಓದುಗರಿಗೆ ಒಂದು ಮಾತು. ಮಂಚದ ಮೇಲೆ ಬೋರಲು ಮಲಗಿ, ಪಾದಗಳು ಮಂಚದ ಅಂಚಿನಿಂದ ಹೊರಗೆ ಇಳಿಬಿದ್ದಿರಲಿ. ಇನ್ನೊಬ್ಬರು ಮೀನಖಂಡವನ್ನು ಎರಡೂ ಬದಿಯಿಂದ ಮೆಲ್ಲಗೆ ಹಿಂಡಲಿ. ಪಾದ ತಾನಾಗಿ ಅಲುಗಬೇಕು. ಇನ್ನೊಂದು ಕಾಲಿನಲ್ಲಿ ಅಲುಗಿ, ಪೆಟ್ಟಾದ ಕಾಲಿನಲ್ಲಿ ಅಲುಗದಿದ್ದರೆ ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ನೇ ತುಂಡಾಗಿರುವ ಸಾಧ್ಯತೆ ಹೆಚ್ಚು, ಅವತ್ತೇ ಮೂಳೆ ವೈದ್ಯರ ಹತ್ತಿರ ಹೋಗಬೇಕು. ಪೆಟ್ಟು ಬೀಳದೆಯೇ ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ, ಅದರಲ್ಲೂ ದೂರದ ಬಸ್ ಪ್ರಯಾಣ ಅಥವಾ ಆಪರೇಷನ್ ಆದ ಮೇಲೆ, ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಿರಬಹುದು. ಅದಕ್ಕೂ ಕಾಯುವಂತಿಲ್ಲ. ಸ್ನಾಯು ಹರಿದಿದ್ದೇ ಆದರೆ ಮೊದಲ ಎರಡು ಮೂರು ದಿನ ಕ್ರೇಪ್ ಬ್ಯಾಂಡೇಜ್, ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ, ಕಾಲನ್ನು ದಿಂಬಿನ ಮೇಲಿಡುವುದು, ಇಷ್ಟೇ. ನಮ್ಮಲ್ಲಿ ಕೈಕೊಡುವುದು ಇಲ್ಲೇ. ಸಂಜೆಯೊಳಗೆ ಯಾರಾದರೂ ಎಣ್ಣೆ ಬಿಸಿ ಮಾಡಿಕೊಂಡು ತಿಕ್ಕಲು ಕೂರುತ್ತಾರೆ, ಒಳಗಿನ ರಕ್ತಸ್ರಾವ ಹೆಚ್ಚಿ ಎರಡು ವಾರದ ಗಾಯ ಆರು ವಾರದ್ದಾಗುತ್ತದೆ.

ಈಗ ನಿಮ್ಮ ಮೂರು ತಿಂಗಳು. ಇದರಲ್ಲಿ ಮುಖ್ಯವಾದದ್ದು ಒಂದೇ ಕೆಲಸ: ಹಿಮ್ಮಡಿ ಎತ್ತುವುದು. ನೋಡಲು ತೀರಾ ಸಣ್ಣದು, ಹಾಗಾಗಿಯೇ ಜನ ಇದನ್ನು ಬಿಟ್ಟುಬಿಡುತ್ತಾರೆ. ಗೋಡೆಗೆ ಬೆರಳ ತುದಿ ತಾಗಿಸಿ ನಿಂತು, ಮೂರು ಎಣಿಸುವಷ್ಟು ಹೊತ್ತು ಮೇಲೆ, ಮೂರು ಎಣಿಸುವಷ್ಟು ಹೊತ್ತು ಕೆಳಗೆ. ಎರಡೂ ಕಾಲಿನಲ್ಲಿ 15 ಸಲ, ಎರಡು ನಿಮಿಷ ಬಿಡುವು, ಹೀಗೆ ಮೂರು ಸುತ್ತು. ದಿನ ಬಿಟ್ಟು ದಿನ. ನಿಧಾನವೇ ಇದರ ಗುಟ್ಟು. ಪಟಪಟನೆ ಪುಟಿದರೆ ಭಾರ ಟೆಂಡನ್‌ಗೆ ಸರಿಯಾಗಿ ಬೀಳುವುದಿಲ್ಲ. ಎರಡನೇ ವಾರದ ಹೊತ್ತಿಗೆ ಎರಡೂ ಕಾಲಲ್ಲಿ ಏರಿ, ಎಡಗಾಲೊಂದರಲ್ಲೇ ಇಳಿಯಿರಿ. ಮೂರು, ನಾಲ್ಕನೇ ವಾರ ಒಂದೇ ಕಾಲಿನಲ್ಲಿ ಏರಿಳಿಯಿರಿ. ಎಷ್ಟು ಸಲ ಆಗುತ್ತದೋ ಅಷ್ಟು, ಆದರೆ ಹಿಮ್ಮಡಿ ಮೊದಲಿನಷ್ಟೇ ಎತ್ತರಕ್ಕೆ ಏಳದಿದ್ದರೆ ಅಲ್ಲಿಗೆ ಎಣಿಕೆ ಮುಗಿಯಿತು.

ಮಂಡಿ ನೇರವಿದ್ದಾಗ ದುಡಿಯುವುದು ಮೇಲಿನ ಸ್ನಾಯು. ಅದರಡಿ ಇನ್ನೊಂದಿದೆ, ಮಂಡಿ ಮಡಿಸಿದಾಗ ದುಡಿಯುವಂಥದ್ದು. ಅದಕ್ಕೆ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಮಂಡಿಯ ಹತ್ತಿರಕ್ಕೆ 10 ಕೆ.ಜಿ. ಅಕ್ಕಿ ಚೀಲ ಇಟ್ಟುಕೊಂಡು ಹಿಮ್ಮಡಿ ಎತ್ತಿ, 15 ಸಲ, ಮೂರು ಸುತ್ತು. ಅದೇ ದಿನಗಳಲ್ಲಿ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದು 10 ಸಲದಂತೆ ಮೂರು ಸುತ್ತು, ಮೆಟ್ಟಿಲ ಮೇಲೆ ಒಂದೊಂದು ಕಾಲು ಹತ್ತಿ ಇಳಿಯುವುದು 10 ಸಲ, ಗೋಡೆ ಅಥವಾ ಮೇಜಿನ ಅಂಚಿಗೆ ಕೈಕೊಟ್ಟು ದಂಡ ಹೊಡೆಯುವುದು 10 ಸಲ. ಒಟ್ಟು ಅರ್ಧ ಗಂಟೆ ಸಾಕು.

ಐದನೇ ವಾರದಿಂದ ಭಾರ ಸೇರಿಸಿ. ಮಕ್ಕಳ ಶಾಲಾ ಬ್ಯಾಗಿಗೆ 5 ಕೆ.ಜಿ. ತುಂಬಿ ಬೆನ್ನಿಗೆ ಹಾಕಿಕೊಂಡು, ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಊರಿ ಒಂದೇ ಕಾಲಿನ ಮೇಲೆ ಹಿಮ್ಮಡಿ ಎತ್ತಿ, 8ರಿಂದ 10 ಸಲ. ಎಂಟನೇ ವಾರದೊಳಗೆ ಬ್ಯಾಗು 10 ಕೆ.ಜಿ. ಆಗಲಿ. ಜಿಗಿತ ಒಂಬತ್ತನೇ ವಾರಕ್ಕಿಂತ ಮೊದಲು ಬೇಡ. ಮೊದಲು ಎರಡೂ ಕಾಲಿನಲ್ಲಿ ಹಗ್ಗ ಜಿಗಿಯುವುದು, ಒಂದು ಸಲಕ್ಕೆ 30, ಮೂರು ಸಲ. ಆಮೇಲೆ ಒಂಟಿ ಕಾಲಿನ ಕುಪ್ಪಳಿಕೆ. ಕೋರ್ಟಿಗೆ ಹೋಗಲು ಯೋಗ್ಯತಾ ಪರೀಕ್ಷೆ ಇದು: ಬ್ಯಾಗು ಇಲ್ಲದೆ ಒಂಟಿ ಕಾಲಿನ ಮೇಲೆ 20ರಿಂದ 25 ಸಲ ಹಿಮ್ಮಡಿ ಎತ್ತಲು ಆಗಬೇಕು, ಎಡಕ್ಕೂ ಬಲಕ್ಕೂ ಎರಡು ಮೂರರಷ್ಟೇ ವ್ಯತ್ಯಾಸ ಇರಬೇಕು, ಹತ್ತು ಸಲ ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ನೋವು ಇರಬಾರದು. ನಡೆಯುವಾಗ ನೋವಿಲ್ಲ ಎನ್ನುವುದು ಪರೀಕ್ಷೆಯೇ ಅಲ್ಲ. ಸಲೀಸಾಗಿ ನಡೆಯುವ ಕಾಲು ಈ ಪರೀಕ್ಷೆಯಲ್ಲಿ ಎಂಟಕ್ಕೇ ನಿಲ್ಲುವುದು ಅಪರೂಪವಲ್ಲ, ಅಂಥ ಕಾಲೇ ಮತ್ತೆ ಅದೇ ಜಾಗದಲ್ಲಿ ಹರಿಯುತ್ತದೆ.

ನೋವಿಗೆ ಒಂದು ಅಳತೆಗೋಲು ಇಟ್ಟುಕೊಳ್ಳಿ. ಹತ್ತರಲ್ಲಿ ಮೂರರವರೆಗಿನ ನೋವು, ಮರುದಿನ ಬೆಳಿಗ್ಗೆಯೊಳಗೆ ತಗ್ಗಿದರೆ ಸರಿ, ಮುಂದುವರಿಸಿ. ಮೂರು ದಾಟಿದರೆ ಅಥವಾ ಮರುದಿನ ಕುಂಟುವ ಹಾಗಾದರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಿರಿ. ಪೂರ್ತಿ ನಿಲ್ಲಿಸಬೇಡಿ. ನೋವಿನ ಮಾತ್ರೆ ನುಂಗಿ ಆಡುವ ಚಟ ಎಷ್ಟೋ ಶಟಲ್ ಬಳಗಗಳಲ್ಲಿದೆ. ಅದು ಎಚ್ಚರಿಕೆಯ ಗಂಟೆಯ ನಾಲಿಗೆ ಕಟ್ಟಿದ ಹಾಗೆ, ಬಿ.ಪಿ.ಗೂ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಹಿಮ್ಮಡಿಯ ಟೆಂಡನ್‌ಗೆ ಸ್ಟಿರಾಯ್ಡ್ ಚುಚ್ಚುಮದ್ದು ಬೇಡ. ಮೂತ್ರದ ಸೋಂಕಿಗೋ ಭೇದಿಗೋ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಜಾತಿಯ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಆಮೇಲೂ ಕೆಲವು ವಾರ ಜಿಗಿತ ನಿಲ್ಲಿಸಿ. ಈ ಔಷಧಗಳು ಟೆಂಡನ್ ಹರಿಯುವ ಅಪಾಯ ಹೆಚ್ಚಿಸುತ್ತವೆ, ಚೀಟಿ ಬರೆಯುವಾಗ ಈ ಮಾತು ಹೇಳುವುದು ಎಷ್ಟೋ ಸಲ ಬಿಟ್ಟುಹೋಗುತ್ತದೆ.

ಬೆಳಗಿನ ಐದೂವರೆಯ ಆಟದಲ್ಲಿ ಮತ್ತೊಂದು ತಪ್ಪಿದೆ. ಹಾಸಿಗೆಯಿಂದ ಎದ್ದು, ಸ್ಕೂಟರ್ ಏರಿ, ಶಿವಮೊಗ್ಗದ ಚಳಿಯಲ್ಲಿ ಕೋರ್ಟಿಗೆ ಇಳಿದು, ನಾಲ್ಕು ಸಲ ಕೈ ತಿರುಗಿಸಿ “ಲವ್ ಆಲ್” ಎಂದು ಆಟ ಶುರುಮಾಡಿಬಿಡುವುದು. ಇಪ್ಪತ್ತೆಂಟಕ್ಕೆ ಇದು ನಡೆಯುತ್ತದೆ, ನಲವತ್ತೇಳಕ್ಕೆ ಇಲ್ಲ. 12ರಿಂದ 15 ನಿಮಿಷ ಮೈ ಬಿಸಿ ಮಾಡಿಕೊಳ್ಳಲೇಬೇಕು. ಐದು ನಿಮಿಷ ಚುರುಕು ನಡಿಗೆ ಅಥವಾ ಸಣ್ಣ ಓಟ, 15 ಹಿಮ್ಮಡಿ ಎತ್ತು, 10 ಅರೆಬಸ್ಕಿ, ಒಂದೊಂದು ಕಾಲಿಗೆ ಎಂಟು ಮುನ್ನುಗ್ಗುವ ಹೆಜ್ಜೆ, ಅಡ್ಡಡ್ಡ ಓಡಾಟ, ಆಮೇಲೆ ಅಂಕವಿಲ್ಲದ ಐದು ನಿಮಿಷದ ಆಟ. ಕಾಲು ಗೋಡೆಗೆ ಒತ್ತಿ ನಿಮಿಷಗಟ್ಟಲೆ ಎಳೆಯುವುದನ್ನು ಆಟ ಮುಗಿದ ಮೇಲೆ ಮಾಡಿ. ಕಾಲಿಗೆ ಗಮ್ ರಬ್ಬರ್ ಅಟ್ಟೆಯ ಕೋರ್ಟ್ ಶೂ ಬೇಕು. ಓಟದ ಶೂನ ಎತ್ತರದ ಮೆತ್ತನೆ ಹಿಮ್ಮಡಿ ಅಡ್ಡ ಚಲನೆಯಲ್ಲಿ ಹೊರಳುತ್ತದೆ, ಹರಡು ಉಳುಕುತ್ತದೆ. ಓದಲು ಕನ್ನಡಕ ಬಂದಿದೆಯೇ ಎಂದು ನೀವು ಬರೆದಿಲ್ಲ. ಈ ವಯಸ್ಸಿಗೆ ಬಂದಿರುತ್ತದೆ, ಕಣ್ಣಿನ ಮಸೂರ ಗಡುಸಾಗುವುದರಿಂದ ಮೊಬೈಲನ್ನು ಕೈ ಚಾಚಿ ಹಿಡಿಯುವುದು ನಲವತ್ತು ದಾಟಿದ ಎಲ್ಲರ ಪಾಡು. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಂಡು ಆಡಬೇಡಿ. ಕೆಳಭಾಗದ ಗಾಜಿನಲ್ಲಿ ನೆಲ ಮಸುಕಾಗಿ ಕಾಣುತ್ತದೆ, ಹೆಜ್ಜೆಯ ಅಂದಾಜು ತಪ್ಪುತ್ತದೆ. ದೂರದ ನಂಬರಿನದು ಒಂದೇ ಸಾಕು.

ಹೃದಯದ ಮಾತಿಗೆ ಬರೋಣ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ನಮ್ಮ ರಾಜ್ಯದಲ್ಲಿ ಒಂದು ಕಡೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು, ಇನ್ನೊಂದು ಕಡೆ ಕಸರತ್ತೇ ಅಪಾಯ ಎಂಬ ಅಂಜಿಕೆ ಮನೆಮನೆಗೆ ಹೊಕ್ಕಿತು. ನಿಮ್ಮ ಹೆಂಡತಿಯವರ ಮಾತಿನ ಹಿಂದೆಯೂ ಅದರ ನೆರಳು ಇರಬಹುದು. ಕ್ರಮವಾಗಿ ಮಾಡುವ ಕಸರತ್ತು ಹೃದಯವನ್ನು ಕಾಯುತ್ತದೆ. ಅಪಾಯ ಇರುವುದು ಇಪ್ಪತ್ತು ವರ್ಷ ಕೂತಿದ್ದವರು ಒಮ್ಮೆಲೇ ಏದುಸಿರಿನ ಆಟಕ್ಕೆ ಧುಮುಕುವುದರಲ್ಲಿ. ತಂದೆಗೆ ಸಕ್ಕರೆ ಕಾಯಿಲೆ ಇದ್ದದ್ದರಿಂದ ನೀವು ಕೋರ್ಟಿಗೆ ಮರಳುವ ಮೊದಲು ಬಿ.ಪಿ., ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಕೊಲೆಸ್ಟ್ರಾಲ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಇಸಿಜಿ ಇಷ್ಟು ಮಾಡಿಸಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೋ ಬೇಡವೋ ಇವನ್ನು ನೋಡಿ ವೈದ್ಯರು ಹೇಳುತ್ತಾರೆ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮತ್ತು ಮೇಲೆ ಬಂದರೆ ಕಾಯಿಲೆ. ಇದಕ್ಕೂ ಮೀನಖಂಡಕ್ಕೂ ನೇರ ನಂಟಿದೆ: ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟು ಕಾಲ ಅದು ಟೆಂಡನ್ನಿನ ನಾರಿಗೆ ಅಂಟಿಕೊಂಡು ಅದನ್ನು ಬಿರುಸು ಮಾಡುತ್ತದೆ. ಸಕ್ಕರೆ ಕಾಯಿಲೆಯವರ ಭುಜ ಹಿಡಿದುಕೊಳ್ಳುವುದೂ ಇದೇ ಬಗೆಯ ಬಿಗಿತದಿಂದ.

ನಿಮ್ಮ ವಯಸ್ಸಿಗೆ ಹೃದಯ ಬಡಿತದ ಮೇಲ್ಮಿತಿ ಹೆಚ್ಚುಕಡಿಮೆ 175. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆದರೆ ಸಿಗುವ ಲೆಕ್ಕ. ಮೊದಲ ಎರಡು ತಿಂಗಳ ಚುರುಕು ನಡಿಗೆ 110ರಿಂದ 130ರ ಆಸುಪಾಸಿನಲ್ಲಿರಲಿ. ವಾಚು ಇಲ್ಲದಿದ್ದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಾರಕ್ಕೆ 150ರಿಂದ 300 ನಿಮಿಷ ಇಂಥ ನಡಿಗೆ ಬೇಕು, ಮೇಲೆ ಎರಡು ದಿನ ಬಲದ ಕಸರತ್ತು. ಆಡುವಾಗ ಎದೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಜೀರಿಗೆ ನೀರು ಕುಡಿದು ಕೂರಬೇಡಿ. ಆಟ ನಿಲ್ಲಿಸಿ, ಸ್ಕೂಟರ್ ನೀವೇ ಓಡಿಸದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮತ್ತು ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತ. ನಿಮ್ಮ ಸುತ್ತಮುತ್ತ ಯಾವ ಆಸ್ಪತ್ರೆಯಲ್ಲಿದೆ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ.

ತೂಕದ ಲೆಕ್ಕದಲ್ಲಿ ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆ, ಸುಮಾರು 27. ನಮ್ಮ ಜನರಿಗೆ 23ರ ಮೇಲೆ ಹೆಚ್ಚು, 25ರ ಮೇಲೆ ಬೊಜ್ಜು ಎಂದು ಲೆಕ್ಕ. ತಕ್ಕಡಿಗಿಂತ ಟೇಪು ಒಳ್ಳೆಯ ಸಾಕ್ಷಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಉಸಿರು ಬಿಟ್ಟು ಅಳೆಯಿರಿ, 90 ಸೆಂ.ಮೀ. ಒಳಗಿರಬೇಕು. ಪ್ಯಾಂಟಿನ ಸೈಜು ನಂಬಬೇಡಿ, ನಮ್ಮವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ 34ರಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ.

ಊಟ ಕಡಿಮೆ ಮಾಡುವ ಭರದಲ್ಲಿ ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಿಮ್ಮ ಎತ್ತರಕ್ಕೆ ತಕ್ಕ ತೂಕ 65 ಕೆ.ಜಿ. ಎಂದಿಟ್ಟುಕೊಂಡರೆ ದಿನಕ್ಕೆ 65ರಿಂದ 78 ಗ್ರಾಂ ಪ್ರೋಟೀನ್ ಬೇಕು. ಸಾಮಾನ್ಯ ಮನೆಯೂಟದಲ್ಲಿ ಸಿಗುವುದು ಎಷ್ಟು ನೋಡಿ: ಮೂರು ಇಡ್ಲಿ 6 ಗ್ರಾಂ, ಎರಡು ಹೊತ್ತಿನ ಅನ್ನಕ್ಕೆ ಹಾಕುವ 200 ಗ್ರಾಂ ಅಕ್ಕಿಯಿಂದ 15, ಹುಳಿಯ ಬೇಳೆಯಿಂದ 8, ಒಂದು ಬಟ್ಟಲು ಮೊಸರು 6, ಕಾಫಿಯ ಹಾಲು 4. ನಲವತ್ತು ಮುಟ್ಟುವುದೇ ಕಷ್ಟ. ತಿಳಿಸಾರಿನಲ್ಲಿ ಬೇಳೆಯ ಪರಿಮಳ ಇರುತ್ತದೆ, ಬೇಳೆ ಇರುವುದಿಲ್ಲ. ಮುದ್ದೆ-ಬಸ್ಸಾರಿನ ಮನೆಗಳಲ್ಲೂ ಇದೇ ಮೋಸ. ಬಸಿದ ನೀರು ಸಾರಾಗಿ ದೊಡ್ಡವರ ತಟ್ಟೆಗೆ ಧಾರಾಳವಾಗಿ ಬೀಳುತ್ತದೆ, ಪ್ರೋಟೀನ್ ಇರುವ ಕಾಳು-ಸೊಪ್ಪಿನ ಪಲ್ಯ ಒಂದು ಚಮಚ ಅಂಚಿಗೆ. ಇದನ್ನು ತಿರುಗಿಸಿ, ಪಲ್ಯ ಒಂದು ಬಟ್ಟಲಾಗಲಿ. ಉಳಿದ ಕೊರತೆಗೆ 50 ಗ್ರಾಂ ಹೆಸರುಕಾಳಿನ ಉಸ್ಲಿಯಿಂದ 12 ಗ್ರಾಂ, ಒಂದು ಹಿಡಿ ಅಂದರೆ 30 ಗ್ರಾಂ ಶೇಂಗಾದಿಂದ 7, ಎರಡು ಮೊಟ್ಟೆಯಿಂದ 12 ಸಿಗುತ್ತದೆ. ಮೊಟ್ಟೆ ತಿನ್ನದವರಿಗೆ 30 ಗ್ರಾಂ ಒಣ ಸೋಯಾ ಚಂಕ್ಸ್ 15 ಗ್ರಾಂ ಕೊಡುತ್ತದೆ, ಮೀನು ತಿನ್ನುವವರಿಗೆ 100 ಗ್ರಾಂ ಬಂಗುಡೆಯಿಂದ ಸುಮಾರು 20. ಇದನ್ನೆಲ್ಲ ರಾತ್ರಿಯೊಂದಕ್ಕೇ ಪೇರಿಸದೆ ಮೂರು ಹೊತ್ತಿಗೆ ಹಂಚಿ. ಕ್ರಿಯಾಟಿನಿನ್ ಹೆಚ್ಚಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ. ರಾತ್ರಿ ಊಟವಾದ ಮೇಲೆ 15 ನಿಮಿಷ ಮನೆ ಮುಂದೆ ನಡೆದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ಸಸ್ಯಾಹಾರಿಗಳಾಗಿದ್ದರೆ ಬಿ12 ನೋಡಿಸಿ. ಕಾಲು ಜುಮುಗುಡುವುದು, ಸುಸ್ತು ಎಷ್ಟೋ ಸಲ ವಯಸ್ಸಿನದಲ್ಲ, ಇದರ ಕೊರತೆ.

ಇಪ್ಪತ್ತೆಂಟನ್ನು ಬಾಟಲಿಯಲ್ಲಿ ಮಾರುವವರಿಂದ ದೂರವಿರಿ. ಪರೀಕ್ಷೆ ಇಲ್ಲದೆ ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಳ್ಳುವುದು, ಒಳಗೇನಿದೆ ಎಂದು ಬರೆಯದ ಶಕ್ತಿವರ್ಧಕ ಪುಡಿ, ಲೇಹ್ಯಗಳು ಬೇಡ. ಇಂಥವುಗಳಲ್ಲಿ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧ) ಬೆರೆಸಿರುವುದುಂಟು. ಎದೆನೋವಿಗೆ ನಾಲಿಗೆ ಅಡಿ ಇಡುವ ನೈಟ್ರೇಟ್ ಮಾತ್ರೆಯ ಜೊತೆ ಅದು ಸೇರಿದರೆ ಬಿ.ಪಿ. ಕುಸಿದು ಜೀವಕ್ಕೇ ಕುತ್ತು.

ನಿಮ್ಮ ಹೆಂಡತಿಯವರಿಗೆ ಎಷ್ಟು ವಯಸ್ಸೋ ನೀವು ಬರೆದಿಲ್ಲ. ನಲವತ್ತು ದಾಟಿದ್ದರೆ ಈ ಕುರ್ಚಿ, ಮೆಟ್ಟಿಲು, ಬ್ಯಾಗಿನ ಕಸರತ್ತು ನಿಮಗಿಂತ ಅವರಿಗೇ ಹೆಚ್ಚು ಬೇಕು. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46–47ರ ಸುಮಾರಿಗೆ, ನಂತರದ ಕೆಲವು ವರ್ಷ ಎಲುಬು ಬೇಗ ಬೇಗ ಸವೆಯುತ್ತದೆ, ಮನೆಗೆಲಸ ಎಷ್ಟೇ ಇದ್ದರೂ ಅದು ಎಲುಬಿಗೆ ಸಾಕಾಗುವಷ್ಟು ಭಾರವಲ್ಲ. ಇಬ್ಬರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈಯನ್ನೂ ಮಂಡಿಯನ್ನೂ ಊರದೆ ಏಳಲು ನೋಡಿ. ಡೈನಿಂಗ್ ಟೇಬಲ್ ಬಂದ ಮೇಲೆ ಈ ಸಾಮರ್ಥ್ಯ ಎಷ್ಟು ಕಳೆದಿದೆ ಎಂದು ಗೊತ್ತಾಗುತ್ತದೆ. ಮುಗ್ಗರಿಸಿದರೆ ಗಾಬರಿ ಬೇಡ, ದಿನಕ್ಕೆ ಒಂದು ಊಟ ಮತ್ತೆ ನೆಲಕ್ಕೆ ಇಳಿಯಲಿ.

ಹತ್ತನೇ ವಾರದಲ್ಲಿ ಕೋರ್ಟಿಗೆ ಹೋದಾಗ ಡಬಲ್ಸ್ ಮಾತ್ರ, ವಾರಕ್ಕೆ ಎರಡು ದಿನ, ನಡುವೆ ಎರಡು ದಿನವಾದರೂ ಬಿಡುವು. ಮೊದಲ ದಿನ 21ರ ಎರಡು ಗೇಮ್ ಆಡಿ ಬ್ಯಾಗು ಮುಚ್ಚಿ. ಮೂರನೆಯದಕ್ಕೆ ಜೊತೆಗಾರರು ಕರೆದೇ ಕರೆಯುತ್ತಾರೆ, ಹರಿಯುವುದು ಹೆಚ್ಚಾಗಿ ಆ ದಣಿದ ಕೊನೆಯ ಗೇಮಿನಲ್ಲೇ. ನೆಟ್ ಹತ್ತಿರದ ಡ್ರಾಪ್‌ಗಳನ್ನು ಒಂದು ತಿಂಗಳು ಹಾಗೇ ಬಿಟ್ಟುಕೊಡಿ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹತ್ತು ಹೆಜ್ಜೆ ಗಮನಿಸಿ. ಹಿಮ್ಮಡಿ ಅಥವಾ ಮೀನಖಂಡ ಹತ್ತು ಹೆಜ್ಜೆಯಾದರೂ ಸಡಿಲವಾಗದೆ ಬಿಗಿದೇ ಇದ್ದರೆ ಆ ವಾರದ ಎರಡನೇ ಆಟ ಬಿಟ್ಟು, ಮೆಟ್ಟಿಲ ಅಂಚಿನ ಹಿಮ್ಮಡಿ ಎತ್ತಿಗೆ ವಾಪಸ್ ಹೋಗಿ.